ವಂಶದ ರೋಗವೂ ಶ್ರಾವಕರ ವಿವೇಕವೂ

ವಿವಾಹ ಸಂಬಂಧವನ್ನು ಕೂಡಿಸುವಾಗ ಹಿರಿಯರು ವಿಚಾರಿಸುವ ಸಂಗತಿಗಳು ಹಲವು. ಮನೆತನ, ನಡತೆ, ವಿದ್ಯೆ, ವ್ಯವಹಾರ ಇವುಗಳನ್ನು ಎದುರೆದುರೇ ಕೇಳುತ್ತಾರೆ. ಎದುರಿಗೆ ಕೇಳದೆ ಮರೆಯಲ್ಲಿ ವಿಚಾರಿಸುವ ಸಂಗತಿಯೊಂದಿದೆ: ಆ ಮನೆಯಲ್ಲಿ ರೋಗವೇನಾದರೂ ಉಂಟೇ? ಈ ಪ್ರಶ್ನೆಯೇ ತಪ್ಪೆಂದು ಹೇಳಲಾಗದು. ಮಕ್ಕಳ ಕ್ಷೇಮವನ್ನು ಬಯಸುವವರು ಕೇಳಿಯೇ ಕೇಳುತ್ತಾರೆ. ಆದರೆ ಉತ್ತರ ದೊರೆತ ಮೇಲೆ ಅದನ್ನು ಹೇಗೆ ತೂಗಬೇಕು, ಯಾರ ಮುಂದೆ ಆಡಬೇಕು, ಅದರ ಬಲದಿಂದ ಏನನ್ನು ನಿರ್ಣಯಿಸಬೇಕು ಎಂಬುದರಲ್ಲಿ ಧರ್ಮಾಧರ್ಮಗಳ ಪ್ರಶ್ನೆ ಅಡಗಿದೆ.

ಉದಾಹರಣೆಗಾಗಿ ಒಂದು ಮನೆಯನ್ನು ಭಾವಿಸಿಕೊಳ್ಳಬಹುದು. ಹೆಣ್ಣು ನೋಡಲು ಬಂದವರಿಗೆ ತಾಯಿ ಫಲಾಹಾರದ ತಟ್ಟೆಯನ್ನು ನೀಡುತ್ತಾರೆ. ಅವರ ಕೈಬೆರಳುಗಳು ಕಿರುಬೆರಳಿನ ಕಡೆಗೆ ವಾಲಿವೆ, ಗೆಣ್ಣುಗಳು ಊದಿಕೊಂಡಿವೆ. ಬಂದವರಲ್ಲಿ ಒಬ್ಬರ ದೃಷ್ಟಿ ಅಲ್ಲಿ ನಿಲ್ಲುತ್ತದೆ. ಎಂಟು ದಿನಗಳ ಮೇಲೆ ಮಧ್ಯಸ್ಥರಿಂದ ಮಾತು ಬರುತ್ತದೆ, ಜಾತಕ ಕೂಡಿಬರಲಿಲ್ಲವೆಂದು. ನಿಜವಾದ ಕಾರಣ ಬೇರೊಂದು ಬಾಯಿಂದ ತಿಳಿಯುತ್ತದೆ: "ಆ ಮನೆತನದಲ್ಲಿ ವಾತವಿದೆಯಂತೆ, ನಾಳೆ ಮಗಳಿಗೂ ಬಂದೀತು." ಇದೇ ಮಾತು ಮುಂದಿನ ಸಂಬಂಧಕ್ಕೂ, ತಂಗಿಯ ಸಂಬಂಧಕ್ಕೂ ಮುಂಚಿತವಾಗಿಯೇ ಹೋಗಿ ಕುಳಿತಿರುತ್ತದೆ. ಅಂದಿನಿಂದ ಆ ತಾಯಿ ಅತಿಥಿಗಳ ಮುಂದೆ ಬರುವುದನ್ನು ಬಿಡುತ್ತಾರೆ. ಬಸದಿಗೆ ಹೋಗುವಾಗಲೂ ಸೆರಗಿನಲ್ಲಿ ಕೈ ಮುಚ್ಚಿಕೊಳ್ಳುತ್ತಾರೆ. ಇಂತಹ ಮನೆಗಳು ಸಮಾಜದಲ್ಲಿ ಇಲ್ಲವೆಂದು ಎದೆ ಮುಟ್ಟಿಕೊಂಡು ಹೇಳಬಲ್ಲವರು ವಿರಳ.

ಕನ್ನಡದಲ್ಲಿ ವಾತವೆಂಬ ಒಂದೇ ಮಾತು ಹಲವು ರೋಗಗಳಿಗೆ ಸಲ್ಲುತ್ತದೆ. ವೃದ್ಧಾಪ್ಯದಲ್ಲಿ ಮಂಡಿ ಸವೆಯುವುದು ಬೇರೆ. ಇಲ್ಲಿ ಹೇಳುತ್ತಿರುವ ರುಮಟಾಯ್ಡ್ ಸಂಧಿವಾತ ಬೇರೆ. ದೇಹವನ್ನು ರಕ್ಷಿಸಬೇಕಾದ ರೋಗನಿರೋಧಕ ಶಕ್ತಿಯೇ ತಪ್ಪು ತಿಳಿದು ಸ್ವಂತ ಕೀಲುಗಳ ಒಳಪೊರೆಯ ಮೇಲೆ ತಿರುಗಿಬೀಳುವುದು ಇದರ ಸ್ವಭಾವ. ಆಯುರ್ವೇದದ ಮಾಧವನಿದಾನದಲ್ಲಿ ಆಮವಾತವೆಂದು ವರ್ಣಿತವಾದ ವ್ಯಾಧಿ ಇದಕ್ಕೆ ಸಮೀಪವಾದುದು. ಪ್ಯಾರಿಸ್ಸಿನ ಲಾಂದ್ರೆ-ಬೋವೆ 1800ರಲ್ಲಿ ತನ್ನ ಪ್ರಬಂಧದಲ್ಲಿ ಇದನ್ನು ಗೌಟ್ ರೋಗದಿಂದ ಬೇರ್ಪಡಿಸಿ ವರ್ಣಿಸಿದನು. ಇಂದಿನ ಹೆಸರನ್ನು 1859ರಲ್ಲಿ ಇಂಗ್ಲೆಂಡಿನ ಆಲ್ಫ್ರೆಡ್ ಗ್ಯಾರಡ್ ಕೊಟ್ಟನು. ಪುರುಷರಿಗಿಂತ ಸ್ತ್ರೀಯರಲ್ಲಿ ಇದು ಎರಡು ಮೂರು ಪಟ್ಟು ಹೆಚ್ಚು. ಬೆಳಗಿನ ಹೊತ್ತು ಕೈಕೀಲುಗಳು ಬಿಗಿದುಕೊಂಡು ಗಂಟೆಗೂ ಮೀರಿ ಸಡಿಲವಾಗದಿರುವುದು ಇದರ ಮುಖ್ಯ ಲಕ್ಷಣ. ಹೊರಗೆ ಕಾಣುವ ಗಾಯವಿಲ್ಲ, ಜ್ವರವೂ ಹೆಚ್ಚಿಲ್ಲ. ಆದಕಾರಣ ನಸುಕಿನಲ್ಲೆದ್ದು ನೀರು ತುಂಬಲಾರದ ಸೊಸೆ ಸೋಮಾರಿ ಎನಿಸಿಕೊಳ್ಳುತ್ತಾಳೆ. ಹತ್ತು ಗಂಟೆಯ ಮೇಲೆ ಅವಳು ಸರಾಗವಾಗಿ ಕೆಲಸ ಮಾಡುವುದೇ ಅವಳ ವಿರುದ್ಧದ ಸಾಕ್ಷಿಯಾಗುತ್ತದೆ!

ಇದು ವಂಶದಲ್ಲಿ ಹರಿಯುವ ರೋಗವೇ? ಹೌದೆಂದೂ ಅಲ್ಲವೆಂದೂ ಹೇಳಬೇಕಾಗುತ್ತದೆ. ಇದನ್ನು ಕೇಳಿ ಸ್ಯಾದ್ವಾದದ ನೆನಪಾಗುವ ಓದುಗರಿಗೆ ಒಂದು ಮಾತು: ಇಲ್ಲಿ ಉತ್ತರ ಎರಡಾಗಿರುವುದು ಜಾರಿಕೊಳ್ಳುವುದಕ್ಕಲ್ಲ, ವಸ್ತುವೇ ಹಾಗಿದೆ.

ಹೌದೆನ್ನುವುದಕ್ಕೆ ಆಧಾರಗಳು ಗಟ್ಟಿಯಾಗಿವೆ. ಅಮೆರಿಕದ ಡಲ್ಲಾಸ್ ನಗರದ ಪೀಟರ್ ಸ್ಟಾಸ್ಟ್ನಿ 1970ರ ದಶಕದಲ್ಲಿ ಈ ರೋಗಿಗಳ ರಕ್ತಕಣಗಳನ್ನು ಪರೀಕ್ಷಿಸಿ, ಎಚ್‌ಎಲ್‌ಎ ಎಂಬ ಗುರುತುಗಳಲ್ಲಿ ಡಿಆರ್4 ಎಂಬುದು ಇತರರಿಗಿಂತ ಇವರಲ್ಲಿ ಬಹಳ ಹೆಚ್ಚಾಗಿರುವುದನ್ನು ತೋರಿಸಿದರು. ಎಚ್‌ಎಲ್‌ಎ ಗುರುತುಗಳೆಂದರೆ ದೇಹದ ಕಣಗಳು ತಮ್ಮದಾವುದು, ಪರರದಾವುದು ಎಂದು ತಿಳಿಯಲು ಬಳಸುವ ಮುದ್ರೆಗಳು. ಇವುಗಳ ವಂಶವಾಹಿಗಳು 6ನೆಯ ವರ್ಣತಂತುವಿನ ಮೇಲಿವೆ. ತಂದೆಯಿಂದ ಒಂದು ಪ್ರತಿ, ತಾಯಿಯಿಂದ ಒಂದು ಪ್ರತಿ ಬರುತ್ತದೆ. 1987ರಲ್ಲಿ ಗ್ರೆಗರ್ಸನ್, ಸಿಲ್ವರ್ ಮತ್ತು ವಿಂಚೆಸ್ಟರ್ ಎಂಬ ಮೂವರು ವಿಜ್ಞಾನಿಗಳು ಇನ್ನೊಂದು ಸಂಗತಿಯನ್ನು ಕಂಡರು. ಈ ರೋಗದೊಡನೆ ಸಂಬಂಧವಿರುವ ಮುದ್ರೆಗಳು ಹೆಸರಿನಲ್ಲಿ ಬೇರೆ ಬೇರೆಯಾದರೂ, ಅವುಗಳ ಪ್ರೋಟೀನಿನ ಸರಪಳಿಯಲ್ಲಿ 70ರಿಂದ 74ರವರೆಗಿನ ಸ್ಥಾನಗಳಲ್ಲಿ ಒಂದೇ ತೆರನಾದ ಅಮೈನೋ ಆಮ್ಲಗಳ ಸಾಲು ಇರುತ್ತದೆ. ಊರು ಬೇರೆಯಾದರೂ ವಂಶದ ಮೂಗಿನ ಆಕಾರ ಒಂದೇ ಇದ್ದ ಹಾಗೆ. ಭಾರತೀಯ ರೋಗಿಗಳಲ್ಲಿ ಡಿಆರ್10 ಎಂಬ ಮುದ್ರೆಯೂ ಈ ಗುಂಪಿಗೆ ಸೇರಿ ಕಾಣಿಸಿಕೊಂಡಿದೆ. 2004ರಲ್ಲಿ ಪಿಟಿಪಿಎನ್22 ಎಂಬ ಇನ್ನೊಂದು ವಂಶವಾಹಿಯ ಪಾತ್ರ ಬೆಳಕಿಗೆ ಬಂತು. ಯುರೋಪಿನವರಲ್ಲಿ ಸಾಕಷ್ಟು ಕಾಣುವ ಆ ರೂಪಾಂತರ ಪೂರ್ವ ಏಷ್ಯಾದವರಲ್ಲಿ ಇಲ್ಲವೆನ್ನುವಷ್ಟು ಕಡಮೆ. 2014ರಲ್ಲಿ ಲಕ್ಷಕ್ಕೂ ಮಿಕ್ಕಿದ ಜನರನ್ನು ಒಳಗೊಂಡ ಅಧ್ಯಯನವೊಂದು ಇಂತಹ 101 ನೆಲೆಗಳನ್ನು ಎಣಿಸಿತು. ಒಂದೇ ಬೀಜದಿಂದ ಮೊಳೆತ ರೋಗ ಇದಲ್ಲವೆಂಬುದಕ್ಕೆ ಈ ಸಂಖ್ಯೆಯೇ ಸಾಕು. ಅವುಗಳಲ್ಲಿ ಹೆಚ್ಚಿನವುಗಳ ಪಾಲು ಅತ್ಯಲ್ಪ. ಬಹುಪಾಲು ಜನರಲ್ಲಿ ಅವುಗಳಲ್ಲಿ ಕೆಲವಾದರೂ ಇದ್ದೇ ಇರುತ್ತವೆ, ರೋಗ ನೋಡಲು ಬಂದವರನ್ನೂ ಸೇರಿಸಿ.

ಅಲ್ಲವೆನ್ನುವುದಕ್ಕೆ ಅವಳಿ ಮಕ್ಕಳೇ ಸಾಕ್ಷಿ. ಒಂದೇ ಅಂಡ ಇಬ್ಭಾಗವಾಗಿ ಹುಟ್ಟಿದ ತದ್ರೂಪಿ ಅವಳಿಗಳಲ್ಲಿ ವಂಶವಾಹಿಗಳೆಲ್ಲ ಒಂದೇ. ರೋಗವು ವಂಶವಾಹಿಗಳಿಂದಲೇ ನಿಶ್ಚಿತವಾಗುವುದಾದರೆ ಒಬ್ಬಳಿಗೆ ಬಂದದ್ದು ಇನ್ನೊಬ್ಬಳಿಗೂ ಬರಲೇಬೇಕು. ಫಿನ್‌ಲೆಂಡ್ ದೇಶದಲ್ಲಿ 1986ರಲ್ಲಿ ಪ್ರಕಟವಾದ ಲೆಕ್ಕದಂತೆ, ಹಾಗೆ ಇಬ್ಬರಿಗೂ ಬಂದ ಜೋಡಿಗಳು ನೂರಕ್ಕೆ ಸುಮಾರು 12. ಬ್ರಿಟನ್ನಿನಲ್ಲಿ 1993ರಲ್ಲಿ ಪ್ರಕಟವಾದ ಲೆಕ್ಕದಂತೆ ನೂರಕ್ಕೆ ಸುಮಾರು 15. ತದ್ರೂಪಿಗಳಲ್ಲದ ಅವಳಿಗಳಲ್ಲಿ ಎರಡೂ ಕಡೆ ನೂರಕ್ಕೆ ನಾಲ್ಕರೊಳಗೆ. ಈ ಅಂಕಿಗಳನ್ನು ನಿಧಾನವಾಗಿ ಓದಬೇಕು. 15ಕ್ಕೂ 4ಕ್ಕೂ ಇರುವ ಅಂತರ ವಂಶದ ಪಾಲನ್ನು ತೋರಿಸುತ್ತದೆ. 15ಕ್ಕೂ 100ಕ್ಕೂ ಇರುವ ಅಂತರವೋ ವಂಶವಲ್ಲದ ಪಾಲನ್ನು ತೋರಿಸುತ್ತದೆ. ಒಂದೇ ಗರ್ಭ, ಒಂದೇ ರಕ್ತ, ಒಂದೇ ಮುಖ ಇದ್ದೂ ನೂರು ಜೋಡಿಗಳಲ್ಲಿ ಎಂಬತ್ತೈದರಲ್ಲಿ ಎರಡನೆಯವಳು ರೋಗವಿಲ್ಲದೆ ಉಳಿದಿದ್ದಾಳೆ. ಹೀಗಿರುವಾಗ ತಾಯಿಯಿಂದ ಅರ್ಧ ಪಾಲನ್ನು ಮಾತ್ರ ಪಡೆದ ಮಗಳ ಮೇಲೆ ತೀರ್ಪು ಬರೆಯುವುದು ಯಾವ ನ್ಯಾಯ?

ಓದಿದವರಿಗೆ ಇನ್ನೊಂದು ಅಂಕಿ ಸಿಕ್ಕಿರುತ್ತದೆ. ಮೇಲಿನ ಅವಳಿಗಳ ಲೆಕ್ಕವನ್ನೇ ಆಧರಿಸಿ 2000ದಲ್ಲಿ ಮಾಡಿದ ಗಣನೆಯಲ್ಲಿ ಈ ರೋಗದ ಆನುವಂಶಿಕತೆ ಸುಮಾರು 60 ಪ್ರತಿಶತವೆಂದು ಹೇಳಲಾಗಿದೆ. ಇದನ್ನು ಕಂಡೊಡನೆ ರೋಗಿಯ ನೂರು ಮಕ್ಕಳಲ್ಲಿ ಅರುವತ್ತು ಮಕ್ಕಳಿಗೆ ರೋಗವೆಂದು ತಿಳಿಯುವವರು ಅನೇಕರು. ವ್ಯಾಪಾರದ ಭಾಷೆಯಲ್ಲಿ ಹೇಳುವುದಾದರೆ, ಇದು ಲಾಭದ ಪಾಲನ್ನೂ ಲಾಭದ ಮೊತ್ತವನ್ನೂ ಒಂದೇ ಎಂದು ತಿಳಿದಂತೆ. ಒಂದು ಅಂಗಡಿಯ ವರ್ಷದ ಲಾಭದಲ್ಲಿ ಅರುವತ್ತು ಪಾಲು ಬಟ್ಟೆಯಿಂದ ಬಂತೆಂದರೆ ಒಟ್ಟು ಲಾಭ ಎಷ್ಟೆಂಬುದು ತಿಳಿಯಲಿಲ್ಲ. ಅದು ನೂರು ರೂಪಾಯಿಯೂ ಇರಬಹುದು, ಲಕ್ಷವೂ ಇರಬಹುದು. ಹಾಗೆಯೇ ಆ 60 ಎಂಬುದು ಜನಸಮುದಾಯದಲ್ಲಿ ಒಬ್ಬರಿಗೂ ಮತ್ತೊಬ್ಬರಿಗೂ ಇರುವ ವ್ಯತ್ಯಾಸದಲ್ಲಿ ವಂಶದ ಪಾಲೆಷ್ಟು ಎಂಬ ಲೆಕ್ಕವೇ ಹೊರತು, ಇಂತಹ ಮಗುವಿಗೆ ಇಷ್ಟು ಅಪಾಯವೆಂಬ ಲೆಕ್ಕವಲ್ಲ. ಅಪಾಯದ ಲೆಕ್ಕ ಬೇರೆಯಿದೆ. ದೆಹಲಿಯ ಸಮೀಪದ ಗ್ರಾಮಗಳಲ್ಲಿ ನಡೆದು 1993ರಲ್ಲಿ ಪ್ರಕಟವಾದ ಸಮೀಕ್ಷೆಯಲ್ಲಿ ಈ ರೋಗ ಕಂಡದ್ದು ನೂರಕ್ಕೆ 0.75 ಜನರಲ್ಲಿ. ರೋಗಿಯ ಒಡಹುಟ್ಟಿದವರಿಗೂ ಮಕ್ಕಳಿಗೂ ಅಪಾಯ ಸುಮಾರು ಮೂರು ಪಟ್ಟು. ಹೆಣ್ಣುಮಕ್ಕಳೆಂಬ ಕಾರಣಕ್ಕೆ ಇನ್ನಷ್ಟು ಸೇರಿಸಿಕೊಂಡರೂ, ಇಂತಹ ನೂರು ತಾಯಂದಿರ ನೂರು ಹೆಣ್ಣುಮಕ್ಕಳಲ್ಲಿ ತೊಂಬತ್ತಕ್ಕೂ ಮಿಕ್ಕವರಿಗೆ ಈ ರೋಗ ಬರುವುದೇ ಇಲ್ಲ. ಮೂರು ಪಟ್ಟೆಂಬ ಮಾತು ಕಿವಿಗೆ ಭಯಂಕರ. ಅಲ್ಪವಾದುದನ್ನು ಮೂರರಿಂದ ಗುಣಿಸಿದರೂ ಅಲ್ಪವೇ ಎಂಬುದು ಲೆಕ್ಕ ಬಲ್ಲ ಸಮಾಜಕ್ಕೆ ಹೊಸದಾಗಿ ಹೇಳಬೇಕಾದ ಮಾತಲ್ಲ.

ಹಾಗಾದರೆ ಮದುವೆಗೆ ಮುಂಚೆ ಹೆಣ್ಣಿನ ವಂಶವಾಹಿಯನ್ನೇ ಪರೀಕ್ಷೆ ಮಾಡಿಸಿದರೆ ಸಂದೇಹ ತೀರದೆ ಎಂದು ಕೇಳುವವರಿದ್ದಾರೆ. ತೀರದು. ಆ ಮುದ್ರೆಗಳು ಎಂದೂ ರೋಗ ಕಾಣದ ಅಸಂಖ್ಯ ಜನರಲ್ಲಿವೆ. ಅವುಗಳಿಲ್ಲದ ಕೆಲವರಿಗೂ ರೋಗ ಬಂದಿದೆ. ಆರೋಗ್ಯವಂತರಿಗೆ ಇಂತಹ ಪರೀಕ್ಷೆಯನ್ನು ವೈದ್ಯರು ಸಾಮಾನ್ಯವಾಗಿ ಸೂಚಿಸುವುದೂ ಇಲ್ಲ. ಹಣ ತೆತ್ತು ಕಾಗದ ತಂದರೆ ಆ ಕಾಗದ ಊರೆಲ್ಲ ತಿರುಗುವುದೊಂದೇ ಫಲ.

ವಂಶವಲ್ಲದ ಪಾಲಿನಲ್ಲಿ ಅತ್ಯಂತ ಸ್ಪಷ್ಟವಾಗಿ ತಿಳಿದಿರುವುದು ಹೊಗೆಸೊಪ್ಪಿನ ಹೊಗೆ. ಸ್ವೀಡನ್ನಿನ ಕ್ಲಾರೆಸ್ಕೋಗ್ ಮತ್ತು ಸಂಗಡಿಗರು 2006ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನು ವಿಶದಪಡಿಸಿತು. ಹೊಗೆ ಶ್ವಾಸಕೋಶವನ್ನು ಕೆರಳಿಸಿದಾಗ ಅಲ್ಲಿನ ಕಿಣ್ವಗಳು ದೇಹದ ಪ್ರೋಟೀನುಗಳ ರೂಪವನ್ನು ಸ್ವಲ್ಪ ಬದಲಿಸುತ್ತವೆ. ಮೇಲೆ ಹೇಳಿದ ಮುದ್ರೆಗಳುಳ್ಳವರ ದೇಹವು ಆ ಬದಲಾದ ಪ್ರೋಟೀನನ್ನು ಪರಕೀಯವೆಂದು ತಿಳಿದು ಅದರ ವಿರುದ್ಧ ಪ್ರತಿಕಾಯಗಳನ್ನು ಸಿದ್ಧಪಡಿಸುತ್ತದೆ ಎಂಬುದು ಅವರ ಪ್ರತಿಪಾದನೆ. ಮುದ್ರೆಯೂ ಇಲ್ಲದ, ಹೊಗೆಯನ್ನೂ ಸೇದದವರಿಗೆ ಹೋಲಿಸಿದರೆ, ತಂದೆ ತಾಯಿ ಇಬ್ಬರಿಂದಲೂ ಮುದ್ರೆ ಪಡೆದು ಹೊಗೆಯನ್ನೂ ಸೇದಿದವರಲ್ಲಿ ಆ ಪ್ರತಿಕಾಯಗಳುಳ್ಳ ರೋಗದ ಅಪಾಯ 21 ಪಟ್ಟಾಗಿತ್ತು. ಇನ್ನೂ ಆಶ್ಚರ್ಯದ ಸಂಗತಿಯೆಂದರೆ ಆ ಪ್ರತಿಕಾಯಗಳು ನೋವಿಗಿಂತ ಬಹಳ ಮುಂಚೆಯೇ ರಕ್ತದಲ್ಲಿ ಹುಟ್ಟಿರುತ್ತವೆ. ನೆದರ್‌ಲೆಂಡ್ಸ್ ದೇಶದಲ್ಲಿ ರಕ್ತದಾನಿಗಳ ಹಳೆಯ ರಕ್ತದ ಮಾದರಿಗಳನ್ನು ತೆಗೆದು ನೋಡಿದಾಗ, ಮುಂದೆ ರೋಗಿಗಳಾದವರಲ್ಲಿ ಸುಮಾರು ಅರ್ಧದಷ್ಟು ಜನರ ರಕ್ತದಲ್ಲಿ ರೋಗಕ್ಕೆ ಹಲವು ವರ್ಷಗಳ ಮೊದಲೇ ಪ್ರತಿಕಾಯಗಳು ಇದ್ದುದು 2004ರಲ್ಲಿ ವರದಿಯಾಯಿತು.

ಕರ್ಮಸಿದ್ಧಾಂತವನ್ನು ಬಲ್ಲವರಿಗೆ ಇಲ್ಲಿ ಬಂಧ, ಸತ್ತೆ, ಉದಯ ಎಂಬ ಮಾತುಗಳು ನೆನಪಾಗದೆ ಇರವು. ಬದ್ಧವಾದ ಕರ್ಮ ಕೂಡಲೇ ಫಲ ಕೊಡುವುದಿಲ್ಲ. ಅಬಾಧಾಕಾಲವನ್ನು ಕಳೆದು, ದ್ರವ್ಯ, ಕ್ಷೇತ್ರ, ಕಾಲ, ಭವ, ಭಾವಗಳ ನಿಮಿತ್ತವನ್ನು ಪಡೆದು ಉದಯಕ್ಕೆ ಬರುತ್ತದೆ. ಹೋಲಿಕೆ ಸೊಗಸಾಗಿದೆ. ಆದರೆ ಹೋಲಿಕೆಯನ್ನು ಹೋಲಿಕೆಯಾಗಿಯೇ ಇಡಬೇಕು. ವಂಶವಾಹಿಯೇ ಕರ್ಮವೆಂದೂ ಪಾಶ್ಚಾತ್ಯರು ಈಗ ಕಂಡದ್ದನ್ನು ಆಚಾರ್ಯರು ಅಂದೇ ಬರೆದಿಟ್ಟಿದ್ದರೆಂದೂ ಉತ್ಸಾಹದಿಂದ ಭಾಷಣ ಮಾಡುವವರು ಶಾಸ್ತ್ರಕ್ಕೂ ವಿಜ್ಞಾನಕ್ಕೂ ಏಕಕಾಲದಲ್ಲಿ ಅಪಚಾರ ಮಾಡುತ್ತಾರೆ. ವಂಶವಾಹಿ ಸೇರಿದ್ದು ಔದಾರಿಕ ಶರೀರಕ್ಕೆ. ಅದು ತಂದೆ ತಾಯಿಗಳಿಂದ ಬರುತ್ತದೆ. ಕರ್ಮವರ್ಗಣೆ ಸೇರಿದ್ದು ಕಾರ್ಮಣ ಶರೀರಕ್ಕೆ. ಅದನ್ನು ಜೀವ ತಾನೇ ಕಟ್ಟಿಕೊಂಡು ಬಂದಿರುತ್ತದೆ. ಒಬ್ಬರ ಕರ್ಮ ಮತ್ತೊಬ್ಬರಿಗೆ ಸಂದಾಯವಾಗುವುದಿಲ್ಲವೆಂಬುದು ಜೈನದರ್ಶನದ ಅಡಿಗಲ್ಲು. ಆದುದರಿಂದ ವಂಶವಾಹಿಯನ್ನು ಹೆಚ್ಚೆಂದರೆ ನೋಕರ್ಮವೆನ್ನಬಹುದು, ಬಾಹ್ಯ ನಿಮಿತ್ತಗಳಲ್ಲಿ ಒಂದೆನ್ನಬಹುದು. ಹೊಗೆಯೂ ನಿಮಿತ್ತವೇ, ಧೂಳೂ ನಿಮಿತ್ತವೇ. ಅಂತೆಯೇ 'ಅವರ ಗೋತ್ರದಲ್ಲೇ ಇದೆ' ಎಂಬ ಮಾತೂ ಶಾಸ್ತ್ರದ ಗೋತ್ರಕರ್ಮಕ್ಕೆ ಸಂಬಂಧಪಟ್ಟುದಲ್ಲ. ರೋಗದ ವೇದನೆ ವೇದನೀಯಕ್ಕೆ ಸೇರಿದ್ದು. ಗೋತ್ರಕರ್ಮದ ಮಾತು ಬರುವುದು ಬೇರೆಡೆ: ಪರನಿಂದೆಯೂ ಆತ್ಮಪ್ರಶಂಸೆಯೂ ನೀಚಗೋತ್ರದ ಆಸ್ರವಕ್ಕೆ ಕಾರಣವೆಂದು ತತ್ತ್ವಾರ್ಥಸೂತ್ರ ಹೇಳುತ್ತದೆ. ಪರರ ಮನೆತನವನ್ನು ಆಡಿಕೊಂಡು ತಮ್ಮ ಮನೆತನವನ್ನು ಹೊಗಳಿಕೊಳ್ಳುವವರು ಆ ಅಧ್ಯಾಯವನ್ನು ಮತ್ತೊಮ್ಮೆ ತೆರೆಯಬಹುದು.

ಈ ವಿವೇಚನೆ ಬರಿಯ ಪಾಂಡಿತ್ಯಕ್ಕಲ್ಲ. ಮಗಳಿಗೆ ಮೊದಲ ಬಾರಿ ಬೆರಳು ಊದಿಕೊಂಡ ದಿನ ತಾಯಿಯ ಮನಸ್ಸಿಗೆ ಬರುವ ಮೊದಲ ಮಾತು "ನನ್ನಿಂದ ಬಂತು" ಎಂಬುದು. ಸ್ವಂತ ನೋವಿಗಿಂತ ಆ ಯೋಚನೆ ಅವರನ್ನು ಹೆಚ್ಚು ಹಿಂಡುತ್ತದೆ. ಅಷ್ಟಾಹ್ನಿಕದ ದಿನಗಳಲ್ಲಿ ಕೇಳಿಬರುವ ಶ್ರೀಪಾಲ ಚರಿತ್ರೆಯ ಪ್ರಾರಂಭವೇ ಈ ಪ್ರಶ್ನೆ. ಮಗಳ ಸುಖದುಃಖಗಳನ್ನು ಕೊಡುವವನು ತಾನೆಂದು ರಾಜನು ಭಾವಿಸಿದನು. ಜೀವ ತನ್ನ ಕರ್ಮವನ್ನು ತಾನೇ ಉಣ್ಣುತ್ತದೆ, ತಂದೆ ಅದರ ಕರ್ತೃವಲ್ಲವೆಂದು ಮೈನಾಸುಂದರಿ ಉತ್ತರಿಸಿದಳು. ಕೋಪಗೊಂಡ ರಾಜ ಅವಳನ್ನು ಕುಷ್ಠರೋಗಿಗೆ ಕೊಟ್ಟನು. ಶ್ರೋತೃಗಳು ಸಿದ್ಧಚಕ್ರದ ಮಹಿಮೆಯನ್ನು ಕೇಳಿ ಕಣ್ಣೊರೆಸಿಕೊಂಡು ಮನೆಗೆ ಹೋಗುತ್ತಾರೆ, ಆದರೆ ಆರಂಭದ ಆ ಮಾತನ್ನು ಬಸದಿಯಲ್ಲೇ ಬಿಟ್ಟುಹೋಗುತ್ತಾರೆ. ತಂದೆ ಸುಖದ ಕರ್ತೃವಲ್ಲದಿದ್ದರೆ ತಾಯಿ ದುಃಖದ ಕರ್ತೃವೂ ಅಲ್ಲ. ಆಕೆ ಕೊಟ್ಟದ್ದು ದೇಹವನ್ನು. ಆ ದೇಹದ ಸಾವಿರಾರು ವಂಶವಾಹಿಗಳಲ್ಲಿ ಒಂದೆರಡು ಹೀಗಿರಬಹುದು.

ಇದಕ್ಕೆ ವಿರುದ್ಧವಾದ ಕ್ರೌರ್ಯವೂ ಉಂಟು. ತಾಯಿಯ ದೋಷವಲ್ಲವೆಂದರೆ ರೋಗಿಯ ಪೂರ್ವಪಾಪವೆಂದು ಮುಖದ ಮುಂದೆಯೇ ಹೇಳುವವರಿದ್ದಾರೆ. ಅಸಾತಾವೇದನೀಯದ ಉದಯವಿಲ್ಲದೆ ವೇದನೆಯಿಲ್ಲ ಎಂಬುದು ಸಿದ್ಧಾಂತದ ಮಾತಾಗಿ ನಿಜ. ಆದರೆ ಅದು ರೋಗಿ ತನ್ನ ಸಮಾಧಾನಕ್ಕೆ ಚಿಂತಿಸಬೇಕಾದ ಮಾತು. ಆರೋಗ್ಯವಂತನು ಮತ್ತೊಬ್ಬರ ಹಾಸಿಗೆಯ ಪಕ್ಕದಲ್ಲಿ ನಿಂತು ಆಡಬೇಕಾದ ಮಾತಲ್ಲ. ಉಮಾಸ್ವಾಮಿಗಳು ಅಸಾತಾವೇದನೀಯದ ಆಸ್ರವಕ್ಕೆ ಎಣಿಸಿದ ಕಾರಣಗಳಲ್ಲಿ ತನಗಾಗಲಿ ಪರರಿಗಾಗಲಿ ದುಃಖ, ಶೋಕ, ತಾಪಗಳನ್ನು ಉಂಟುಮಾಡುವುದು ಸೇರಿದೆ. ರೋಗಿಯನ್ನು ಅಳಿಸಿದವನು ಯಾವ ಕರ್ಮವನ್ನು ತೋರಿಸಿ ಅಳಿಸಿದನೋ ಅದೇ ಕರ್ಮವನ್ನು ತಾನು ಕಟ್ಟಿಕೊಳ್ಳುತ್ತಾನೆ. ಇನ್ನು ಕರ್ಮವೆಂದರೆ ಕಲ್ಲಿನ ಮೇಲಿನ ಬರಹವೆಂಬ ಭಾವನೆಯೂ ಆಗಮಸಮ್ಮತವಲ್ಲ. ಚಾವುಂಡರಾಯನ ಗುರುಗಳಾದ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ಗೊಮ್ಮಟಸಾರದಲ್ಲಿ ಕರ್ಮದ ಹತ್ತು ಕರಣಗಳನ್ನು ಹೇಳುವಾಗ ಸಂಕ್ರಮಣ, ಅಪಕರ್ಷಣ, ಉಪಶಮಗಳನ್ನೂ ಹೇಳಿದ್ದಾರೆ. ಬದಲಾಗುವುದಕ್ಕೂ, ತಗ್ಗುವುದಕ್ಕೂ, ಶಮನವಾಗುವುದಕ್ಕೂ ಅಲ್ಲಿ ಎಡೆಯಿದೆ. ಪುರುಷಾರ್ಥಕ್ಕೆ ಎಡೆಯಿಲ್ಲದಿದ್ದರೆ ರಾಷ್ಟ್ರಕೂಟರ ಕಾಲದಲ್ಲಿ ಉಗ್ರಾದಿತ್ಯಾಚಾರ್ಯರು ಕಲ್ಯಾಣಕಾರಕವೆಂಬ ವೈದ್ಯಗ್ರಂಥವನ್ನು ರಚಿಸುತ್ತಲೇ ಇರಲಿಲ್ಲ, ಚತುರ್ವಿಧ ದಾನಗಳಲ್ಲಿ ಔಷಧದಾನ ಸೇರುತ್ತಲೂ ಇರಲಿಲ್ಲ.

ಮತ್ತೆ ವಿವಾಹದ ಮಾತಿಗೆ ಬರುವುದಾದರೆ, ಹೆಣ್ಣಿನ ಮನೆಯವರು ಏನನ್ನು ಹೇಳಬೇಕು? ಇಲ್ಲಿ ಎರಡು ಸ್ಥಿತಿಗಳನ್ನು ಬೇರ್ಪಡಿಸದೆ ಮಾತನಾಡುವುದರಿಂದಲೇ ಗೊಂದಲ. ತಾಯಿಗೆ ರೋಗವಿದ್ದು ಮಗಳು ಆರೋಗ್ಯವಾಗಿದ್ದರೆ ಅದು ಬರಿಯ ಸಂಭವ. ಬಾರದೆ ಹೋಗಬಹುದಾದ ಹುಂಡಿಯಂತೆ. ಕೇಳಿದರೆ ಮರೆಮಾಚದೆ ಹೇಳಬೇಕು, ಹೇಳುವಾಗ ಅದರ ಪ್ರಮಾಣವನ್ನೂ ಹೇಳಬೇಕು. ಕೇಳದಿದ್ದರೆ ಡಂಗುರ ಸಾರಬೇಕಾದ ಕಟ್ಟುಪಾಡಿಲ್ಲ. ಗಂಡಿನ ತಂದೆಗೆ ಮಧುಮೇಹವಿದೆಯೆಂದು ಯಾರೂ ಲಗ್ನಪತ್ರಿಕೆಯಲ್ಲಿ ಅಚ್ಚು ಹಾಕಿಸುವುದಿಲ್ಲವಷ್ಟೆ. ಕೇಳಿ ತಿಳಿದವರಿಗೂ ಒಂದು ನಿಯಮವುಂಟು. ಪರರ ಗುಟ್ಟನ್ನು ಹೊರಗೆಡಹುವುದನ್ನು ಸತ್ಯಾಣುವ್ರತದ ಅತಿಚಾರಗಳಲ್ಲಿ ಎಣಿಸಲಾಗಿದೆ. ಪರರಿಗೆ ವಿಪತ್ತನ್ನು ತರುವ ಮಾತು ಸತ್ಯವಾಗಿದ್ದರೂ ಆಡಬಾರದೆಂಬುದು ಸಮಂತಭದ್ರಾಚಾರ್ಯರ ರತ್ನಕರಂಡಕದ ಅಭಿಪ್ರಾಯ. ಸಂಬಂಧ ಬೇಡವಾದರೆ ಬೇಡವೆನ್ನಲು ಎಲ್ಲರೂ ಸ್ವತಂತ್ರರು, ಕಾರಣವನ್ನು ಹಂಚಲು ಯಾರೂ ಸ್ವತಂತ್ರರಲ್ಲ.

ಆದರೆ ಹೆಣ್ಣಿಗೇ ಅಥವಾ ಗಂಡಿಗೇ ರೋಗವಿದ್ದರೆ ಮುಚ್ಚಿಡುವುದು ಸಲ್ಲದು. ಇದನ್ನು ಒತ್ತಿ ಹೇಳಬೇಕಾಗಿದೆ, ಏಕೆಂದರೆ ಮುಚ್ಚಿಡುವಂತೆ ಬುದ್ಧಿ ಹೇಳುವ ಹಿರಿಯರೇ ಹೆಚ್ಚು. ಈ ರೋಗಕ್ಕೆ ಮೊದಲು ಕೊಡುವ ಮುಖ್ಯ ಔಷಧ ಮೆಥೋಟ್ರೆಕ್ಸೇಟ್. ಅದನ್ನು ದಿನವೂ ಅಲ್ಲ, ವಾರಕ್ಕೊಮ್ಮೆ ತೆಗೆದುಕೊಳ್ಳಬೇಕು. ಅದು ಗರ್ಭಕ್ಕೆ ಹಾನಿಕರವಾದುದರಿಂದ ಮಗುವನ್ನು ಬಯಸುವವರು ವೈದ್ಯರ ಸಲಹೆಯಂತೆ ಮೊದಲೇ ನಿಲ್ಲಿಸಿ ಬೇರೆ ಔಷಧಕ್ಕೆ ಬದಲಾಯಿಸಿಕೊಳ್ಳಬೇಕಾಗುತ್ತದೆ. ಈಗ ಗುಟ್ಟಾಗಿ ಮದುವೆಯಾದ ಹೆಣ್ಣಿನ ಪಾಡನ್ನು ಯೋಚಿಸಬೇಕು. ಮಾತ್ರೆಯನ್ನು ಕದ್ದು ನುಂಗಿದರೆ ಗರ್ಭಕ್ಕೆ ಅಪಾಯ. ಹೆದರಿ ಬಿಟ್ಟರೆ ಕೀಲುಗಳು ಒಳಗೊಳಗೇ ಕೊರೆದುಹೋಗುತ್ತವೆ. ಒಂದು ಅಸತ್ಯ ಎರಡು ಹಿಂಸೆಗಳಿಗೆ ದಾರಿ ಮಾಡುತ್ತದೆ. ನಿಜ ತಿಳಿದ ಮನೆಯಲ್ಲಾದರೆ ಅದೇ ಹೆಣ್ಣು ವೈದ್ಯರ ಮೇಲ್ವಿಚಾರಣೆಯಲ್ಲಿ ತಾಯಿಯಾಗಬಲ್ಲಳು. ಗರ್ಭಕಾಲದಲ್ಲಿ ಈ ರೋಗ ಹಲವರಲ್ಲಿ ತಗ್ಗುವುದನ್ನು ಅಮೆರಿಕದ ಫಿಲಿಪ್ ಹೆಂಚ್ 1938ರಲ್ಲೇ ಬರೆದಿದ್ದರು. ಕಾರ್ಟಿಸೋನ್ ಔಷಧಕ್ಕಾಗಿ 1950ರ ನೊಬೆಲ್ ಪಾರಿತೋಷಕವನ್ನು ಹಂಚಿಕೊಂಡವರು ಇವರೇ.

ಹೆಣ್ಣಿನ ತಾಯಿಯ ಬೆರಳನ್ನು ನೋಡುವ ಕಣ್ಣುಗಳಿಗೆ ಗಂಡಿನ ಜೇಬಿನ ಸಿಗರೇಟು ಪೊಟ್ಟಣ ಕಾಣುವುದಿಲ್ಲವೆಂಬುದು ವಿಚಿತ್ರ. ಸಪ್ತವ್ಯಸನಗಳ ಪಟ್ಟಿಯಲ್ಲಿ ಹೊಗೆಸೊಪ್ಪಿನ ಹೆಸರಿಲ್ಲವೆಂದು ವಾದಿಸುವ ತರುಣರಿದ್ದಾರೆ. ಇರುವುದಾದರೂ ಹೇಗೆ? ಆ ಗಿಡ ಅಮೆರಿಕ ಖಂಡದ್ದು. ಆಚಾರ್ಯರು ಗ್ರಂಥ ಬರೆಯುವಾಗ ಅದು ಈ ದೇಶಕ್ಕೆ ಬಂದೇ ಇರಲಿಲ್ಲ. ವಂಶವನ್ನು ಯಾರೂ ಆರಿಸಿಕೊಂಡು ಹುಟ್ಟಲಾರರು, ಬೀಡಿಯನ್ನು ಆರಿಸಿಕೊಂಡೇ ಹಚ್ಚುತ್ತಾರೆ. ರೋಗಿಯ ಮಕ್ಕಳಿಗಂತೂ ಇದು ಮೊದಲ ಪಥ್ಯ.

ಬಸದಿಗಳ ಆಡಳಿತ ಮಂಡಳಿಗಳಿಗೆ ನೇರವಾಗಿ ಸಂಬಂಧಿಸಿದ ನಿಮಿತ್ತವೊಂದಿದೆ. ಕಲ್ಲು ಕಡಿಯುವಾಗ ಏಳುವ ಸಿಲಿಕಾ ಧೂಳು ಶ್ವಾಸಕೋಶಕ್ಕೆ ಮಾತ್ರವಲ್ಲ, ಈ ಸಂಧಿವಾತಕ್ಕೂ ಕಾರಣಗಳಲ್ಲಿ ಒಂದೆಂದು ಸ್ವೀಡನ್ ಮೊದಲಾದ ದೇಶಗಳ ಅಧ್ಯಯನಗಳು ತೋರಿಸಿವೆ. ಗಣಿ ಧೂಳಿಗೂ ಈ ರೋಗಕ್ಕೂ ಇರುವ ನಂಟನ್ನು ವೇಲ್ಸ್ ಪ್ರಾಂತದ ಕಲ್ಲಿದ್ದಲು ಕಾರ್ಮಿಕರಲ್ಲಿ ಕ್ಯಾಪ್ಲನ್ 1953ರಲ್ಲೇ ಗುರುತಿಸಿದ್ದನು. ಜಿನಬಿಂಬಗಳನ್ನೂ ಮಾನಸ್ತಂಭಗಳನ್ನೂ ಕಡೆಯುವ ಶಿಲ್ಪಿಗಳು ಈಗ ಉಳಿಯ ಬದಲು ವಿದ್ಯುತ್ ಯಂತ್ರಗಳನ್ನು ಹಿಡಿದಿದ್ದಾರೆ. ಧೂಳು ಹಿಂದಿಗಿಂತ ಸಣ್ಣ, ಹಿಂದಿಗಿಂತ ಹೆಚ್ಚು. ಪಂಚಕಲ್ಯಾಣಕ್ಕೆ ಲಕ್ಷಗಟ್ಟಲೆ ವೆಚ್ಚ ಮಾಡುವ ಮಂಡಳಿ ಕರಾರು ಪತ್ರದಲ್ಲಿ ಎರಡು ಸಾಲು ಸೇರಿಸಬಹುದು: ಕಲ್ಲಿಗೆ ನೀರು ಹಾಯಿಸುತ್ತ ಕೊರೆಯಬೇಕು, ಕೆಲಸಗಾರರಿಗೆ ಧೂಳು ತಡೆಯುವ ಒಳ್ಳೆಯ ಮುಖಗವಸನ್ನು ಮಂಡಳಿಯ ಖರ್ಚಿನಲ್ಲೇ ಕೊಡಬೇಕು. ಆ ಶಿಲ್ಪಿಯ ವಂಶವಾಹಿಯಲ್ಲಿ ಯಾವ ಮುದ್ರೆಯಿದೆಯೆಂದು ಯಾರಿಗೂ ತಿಳಿಯದು. ತಿಳಿಯದಿರುವುದರಿಂದಲೇ ಎಲ್ಲರಿಗೂ ಗವಸು ಬೇಕು.

ಔಷಧದಾನದ ನಿಧಿಯಿರುವ ಬಸದಿಗಳು ಶಿಬಿರಗಳಲ್ಲಿ ಕಣ್ಣು, ರಕ್ತದೊತ್ತಡಗಳನ್ನು ನೋಡಿಸುತ್ತವೆ; ಅದು ಸ್ತುತ್ಯ. ಅದರೊಡನೆ ಶ್ರಾವಿಕೆಯರನ್ನು ಒಂದು ಪ್ರಶ್ನೆ ಕೇಳಿಸಿದರೆ ಸಾಕು: ಬೆಳಿಗ್ಗೆ ಕೈ ಮಡಚಲು ಎಷ್ಟು ಹೊತ್ತು ಬೇಕಾಗುತ್ತದೆ? ಆರು ವಾರಗಳಿಂದ ಊತವೂ ಬಿಗಿತವೂ ಇದ್ದವರನ್ನು ಕೀಲುರೋಗ ತಜ್ಞರ ಬಳಿಗೆ ಕಳುಹಿಸಬೇಕು. ಮೊದಲ ತಿಂಗಳುಗಳಲ್ಲಿ ಚಿಕಿತ್ಸೆ ಆರಂಭವಾದರೆ ಬೆರಳು ವಾಲುವುದನ್ನು ಬಹುಮಟ್ಟಿಗೆ ತಡೆಯಬಹುದು, ವಾಲಿದ ಮೇಲೆ ಔಷಧ ಅದನ್ನು ನೆಟ್ಟಗೆ ಮಾಡಲಾರದು. ಪ್ರತಿಕಾಯವಿದ್ದು ಕೀಲುನೋವು ಮಾತ್ರ ಇರುವವರಿಗೆ ಅಬಟಾಸೆಪ್ಟ್ ಎಂಬ ಔಷಧ ಕೊಟ್ಟು ರೋಗದ ಉದಯವನ್ನೇ ಮುಂದೂಡಿದ ಎರಡು ಪ್ರಯೋಗಗಳು ಯುರೋಪಿನಿಂದ 2024ರಲ್ಲಿ ಪ್ರಕಟವಾಗಿವೆ. ಔಷಧ ನಿಲ್ಲಿಸಿದ ಮೇಲೆ ಅದರ ಪ್ರಭಾವ ಕ್ರಮೇಣ ಇಳಿಯಿತಾದರೂ, ವಂಶದಲ್ಲಿದ್ದುದು ಬಂದೇ ತೀರಬೇಕೆಂಬ ನಂಬಿಕೆಗೆ ಅದೂ ಒಂದು ಪೆಟ್ಟು. ಸಾಮಾಯಿಕಕ್ಕೆ ನೆಲದ ಮೇಲೆ ಕೂರಲಾರದವರಿಗೆ ಕುರ್ಚಿಯಿಡಲು ಆಕ್ಷೇಪಿಸುವ ಹಿರಿಯರು ಕೆಲವೆಡೆ ಇನ್ನೂ ಇದ್ದಾರೆ. ವೈಯಾವೃತ್ತ್ಯವೂ ತಪಸ್ಸೆಂಬುದನ್ನು ಅವರಿಗೆ ಯಾರಾದರೂ ವಿನಯದಿಂದ ಜ್ಞಾಪಿಸಬೇಕು.

ಮೊದಲು ಹೇಳಿದ ಮನೆಗೆ ಇನ್ನೊಂದು ಸಂಬಂಧ ಬರುತ್ತದೆಂದು ಭಾವಿಸಿಕೊಳ್ಳೋಣ. ಈ ಸಲ ತಾಯಿ ಒಳಗೆ ಅಡಗುವುದಿಲ್ಲ. ಅದೇ ಬೆರಳುಗಳಿಂದ ಅದೇ ತಟ್ಟೆಯನ್ನು ತಂದಿಡುತ್ತಾರೆ. ಬಂದವರ ದೃಷ್ಟಿ ಅಲ್ಲಿ ನಿಂತುದನ್ನು ಕಂಡು ತಂದೆ ತಾವಾಗಿಯೇ ಹೇಳುತ್ತಾರೆ: "ಇವರಿಗೆ ಹದಿನೈದು ವರ್ಷಗಳಿಂದ ಸಂಧಿವಾತವಿದೆ. ತಡವಾಗಿ ತಿಳಿಯಿತು, ಆದ್ದರಿಂದ ಬೆರಳು ಹೀಗಾದವು. ಮಗಳಿಗೆ ಇಲ್ಲ. ಬರುವ ಸಂಭವ ಇತರರಿಗಿಂತ ತುಸು ಹೆಚ್ಚು, ಬಾರದಿರುವ ಸಂಭವ ಅದ

ಕ್ಕಿಂತ ಎಷ್ಟೋ ಹೆಚ್ಚು ಎಂದು ವೈದ್ಯರು ಹೇಳಿದ್ದಾರೆ. ತಾವು ಕೇಳಬೇಕೆಂದಿದ್ದರೆ ಇನ್ನೇನಾದರೂ ಕೇಳಬಹುದು. ತಮ್ಮ ಮನೆಯಲ್ಲಿ ಹೊಗೆ ಸೇದುವವರು ಯಾರಾದರೂ ಇದ್ದಾರೆಯೇ ಎಂದು ನಾವೂ ಕೇಳಬೇಕಾಗಿದೆ."